ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವವರು

ಕೋಲಾರದ ಕಡೆ ಯಾವುದೇ ಮದುವೆ ಮನೆಯಲ್ಲಿ ಫೋಟೋದವರು "ಸ್ವಲ್ಪ ನಗಿ" ಅಂದ ಕ್ಷಣ ಏನಾಗುತ್ತದೆ ಗಮನಿಸಿ. ಕೆಲವರು ಹಲ್ಲು ಬಿಟ್ಟು ನಗುತ್ತಾರೆ. ಕೆಲವರು ತುಟಿ ಬಿಗಿಹಿಡಿದು ಕೆನ್ನೆಯಲ್ಲೇ ನಗುತ್ತಾರೆ. ಇನ್ನು ಕೆಲವರ ಕೈ ತಾನಾಗಿಯೇ ಬಾಯಿಯ ಹತ್ತಿರ ಬಂದುಬಿಡುತ್ತದೆ. ಸೆರಗಿನ ಅಂಚೋ, ಕರ್ಚೀಫೋ, ಏನೂ ಇಲ್ಲದಿದ್ದರೆ ಬರೀ ನಾಲ್ಕು ಬೆರಳೋ ಅಡ್ಡ ಬರುತ್ತವೆ. ನೋಡಿದವರು "ಪಾಪ, ನಾಚಿಕೆ ಜಾಸ್ತಿ" ಅಂದುಕೊಳ್ಳುತ್ತಾರೆ. ಸ್ವಲ್ಪ ಕಟುವಾದವರು "ಮುಖ ಗಂಟಿಕ್ಕಿಕೊಂಡೇ ಇರ್ತಾಳೆ, ನಗೋದೇ ಇಲ್ಲ" ಅಂತಾರೆ.

ಆ ಕೈಯ ಹಿಂದೆ ಬಹಳ ಸಲ ಇರುವುದು ಕಂದು ಪಟ್ಟೆ ಬಿದ್ದ ಮುಂದಿನ ಎರಡು ಹಲ್ಲು. ಶ್ರೀನಿವಾಸಪುರ, ಮುಳಬಾಗಿಲು, ಪಕ್ಕದ ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಅತ್ತ ಪಾವಗಡ, ಮಧುಗಿರಿ, ಶಿರಾ, ಈ ಸೀಮೆಗೆಲ್ಲ ಇಂಥ ಹಲ್ಲು ಹೊಸದಲ್ಲ. ವೈದ್ಯರು ಡೆಂಟಲ್ ಫ್ಲೋರೋಸಿಸ್ ಅಂತಾರೆ, ಊರಲ್ಲಿ "ಫ್ಲೋರೈಡ್ ಹಲ್ಲು" ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಹೊಸಕೋಟೆ ದಾಟಿ ಬೆಂಗಳೂರಿಗೆ ಹೋದರೆ ಅದೇ ಹಲ್ಲಿಗೆ ಬೇರೆ ಹೆಸರು ಅಂಟುತ್ತದೆ. ಹಲ್ಲುಜ್ಜದವನು, ಗುಟ್ಕಾ ಹಾಕುವವನು, ಗಬ್ಬು.

ನೋಡಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕಣ್ಣಿರುವವರಿಗೆಲ್ಲ ಕಾಣುತ್ತದೆ. ಕಾಣಲೇ ಇಲ್ಲವೆಂಬಂತೆ ಗೋಡೆ ನೋಡುತ್ತ ಮಾತಾಡಿದರೆ ಎದುರಿನವರಿಗೆ ಅದೂ ಗೊತ್ತಾಗುತ್ತದೆ. ಒಬ್ಬರ ಮೈಯ ವಿಶೇಷ ಗಮನಿಸುವುದನ್ನು ನಮ್ಮ ಹಿರಿಯರು ಅವಮಾನ ಅಂತ ಭಾವಿಸಿರಲಿಲ್ಲ. ಕರಿಯಪ್ಪ, ಕೆಂಪಮ್ಮ, ದೊಡ್ಡಯ್ಯ, ಸಣ್ಣಮ್ಮ ಅಂತ ದೇವರ ಮನೆಯ ಮುಂದೆಯೇ ಹೆಸರಿಟ್ಟು ತೊಟ್ಟಿಲು ತೂಗಿದರು. ಅದೇ ಬಾಯಲ್ಲಿ ಕುಂಟ, ಗೂನ, ಮೆಳ್ಳಗಣ್ಣ, ಉಬ್ಬಲ್ಲ ಅಂತ ಅಡ್ಡಹೆಸರುಗಳೂ ಹುಟ್ಟಿದವು ಅನ್ನುವುದನ್ನು ಮರೆಮಾಚುವ ಹಾಗಿಲ್ಲ. ಎರಡರಲ್ಲೂ ಕಣ್ಣು ಮಾಡಿದ ಕೆಲಸ ಒಂದೇ. ಕಂಡದ್ದಕ್ಕೆ ಮನಸ್ಸು ಏನು ಅರ್ಥ ಕಟ್ಟಿತು ಅನ್ನುವಲ್ಲಿ ದಾರಿ ಬೇರೆಯಾಗುತ್ತದೆ, ಮತ್ತು ಆ ಅರ್ಥ ಕಟ್ಟುವ ಕೆಲಸ ನಾವು ಎಣಿಸಿದ್ದಕ್ಕಿಂತ ಬೇಗ ಮುಗಿದುಹೋಗಿರುತ್ತದೆ.

ಎಷ್ಟು ಬೇಗ ಅನ್ನುವುದನ್ನು ಅಳೆದವರಿದ್ದಾರೆ. 2006ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನೈನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ ಅಪರಿಚಿತರ ಮುಖಗಳನ್ನು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತೋರಿಸಿ, ಈತ ನಂಬಿಕಸ್ಥನೇ, ಸಮರ್ಥನೇ ಅಂತ ಕೇಳಿದರು. ಹೊತ್ತಿನ ಮಿತಿ ಇಲ್ಲದೆ ನೋಡಿದವರು ಕೊಟ್ಟ ಉತ್ತರಕ್ಕೂ ಇವರ ಉತ್ತರಕ್ಕೂ ಬಹಳ ಹೋಲಿಕೆ ಇತ್ತು. ಹೆಚ್ಚು ಹೊತ್ತು ಕೊಟ್ಟಾಗ ಮುಖ್ಯವಾಗಿ ಬೆಳೆದದ್ದು ತಮ್ಮ ತೀರ್ಪಿನ ಮೇಲಿನ ಭರವಸೆ. ಮುಖ ನೋಡಿ ಮಣೆ ಹಾಕುವುದು ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಮುಖ ಪೂರ್ತಿ ನೋಡುವಷ್ಟರಲ್ಲಿ ಮಣೆ ಹಾಕಿಯೇ ಆಗಿರುತ್ತದೆ. ಇದಕ್ಕೆ ಜೊತೆಯಾಗುವ ಇನ್ನೊಂದು ದೋಷವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ತೋರಿಸಿದ್ದರು. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಅಂಕ ಕೊಡುವಾಗ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ಏರುತ್ತಿದ್ದವು, ಇಳಿಯುತ್ತಿದ್ದವು. ಒಂದು ಲಕ್ಷಣದ ಬಣ್ಣ ಉಳಿದೆಲ್ಲದಕ್ಕೂ ಹತ್ತುತ್ತದೆ. ಹಲ್ಲು ಕಂದು ಅಂದರೆ ಬಟ್ಟೆಯೂ ಕೊಳೆ ಅನ್ನಿಸುತ್ತದೆ, ಬಟ್ಟೆ ಕೊಳೆ ಅಂದರೆ ಕೆಲಸವೂ ಕೊಳಕು ಅನ್ನಿಸುತ್ತದೆ.

ಹಾಗಾದರೆ ಆ ಕಂದು ಬಣ್ಣ ನಿಜವಾಗಿ ಏನು? ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಹಲ್ಲಿನ ಹೊರಕವಚ, ಅಂದರೆ ಎನಾಮೆಲ್, ಹಲ್ಲು ಬಾಯಲ್ಲಿ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ದವಡೆಯೊಳಗೆ ತಯಾರಾಗುತ್ತದೆ. ಮೇಲಿನ ಮುಂದಿನ ಎರಡು ಶಾಶ್ವತ ಹಲ್ಲು ಗಟ್ಟಿಯಾಗಲು ಶುರುವಾಗುವುದು ಮಗುವಿಗೆ ಮೂರು ನಾಲ್ಕು ತಿಂಗಳಾದಾಗ. ಅವುಗಳ ಮೇಲ್ಭಾಗ ಪೂರ್ತಿಯಾಗುವುದು ನಾಲ್ಕು ಐದು ವರ್ಷಕ್ಕೆ. ಹೊರಬರುವುದು ಏಳು ಎಂಟಕ್ಕೆ. ಈ ಎನಾಮೆಲ್ ಮೊದಲು ಮೆದುವಾದ ಪ್ರೋಟೀನ್ ಅಚ್ಚಿನಂತೆ ಇದ್ದು, ಆಮೇಲೆ ಆ ಪ್ರೋಟೀನ್ ಕರಗಿಹೋಗಿ ಜಾಗದಲ್ಲಿ ಖನಿಜ ತುಂಬಿಕೊಳ್ಳುತ್ತದೆ. ಮಗು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಆ ಪ್ರೋಟೀನ್ ಹೊರಹೋಗುವುದು ತಡವಾಗುತ್ತದೆ, ಮೇಲಿನ ತೆಳುಪದರ ಗಟ್ಟಿಯಾದರೂ ಅದರ ಕೆಳಗೆ ಸಣ್ಣ ಸಣ್ಣ ರಂಧ್ರ ಉಳಿದುಬಿಡುತ್ತವೆ. ಹಲ್ಲು ಹೊರಬಂದಾಗ ಅದು ಕಂದಾಗಿರುವುದೇ ಇಲ್ಲ. ಸೀಮೆಸುಣ್ಣದ ಹಾಗೆ ಮಂಕು ಬಿಳಿ ಇರುತ್ತದೆ. ಬಾಯಿಗೆ ಬಂದ ಮೇಲೆ ಟೀ, ಸಾರು, ನೀರಿನ ಕಬ್ಬಿಣದ ಅಂಶ ಆ ರಂಧ್ರಗಳಿಗೆ ಇಳಿದು ಹಳದಿ, ಕಂದು, ಕೆಲವರಲ್ಲಿ ಕಪ್ಪಿಗೆ ಹತ್ತಿರದ ಬಣ್ಣ ಹಿಡಿಯುತ್ತದೆ. ತೀರಾ ಜಾಸ್ತಿಯಾದರೆ ಮೇಲಿನ ತೆಳುಪದರ ಒಡೆದು ಗುಳಿ ಬೀಳುತ್ತದೆ.

ಅಂದರೆ ಮೂವತ್ತರ ಆಸಾಮಿಯ ಮುಂದಿನ ಹಲ್ಲಿನಲ್ಲಿ ಕಾಣುವುದು ಅವನು ಬ್ರಷ್ ಹಿಡಿಯಲು ಕಲಿಯುವ ಮೊದಲು ಕುಡಿದ ನೀರು. "ಹಲ್ಲು ಉಜ್ಜಲ್ವೇನಪ್ಪಾ?" ಅಂತ ಅವನನ್ನು ಕೇಳಿ ಏನು ಪ್ರಯೋಜನ?

ಗುಟ್ಕಾ, ಎಲೆಅಡಿಕೆ, ಬೀಡಿಯ ಕರೆಗೂ ಇದಕ್ಕೂ ವ್ಯತ್ಯಾಸ ಗುರುತಿಸುವುದು ಕಷ್ಟವಲ್ಲ. ಫ್ಲೋರೈಡ್ ಕಲೆ ಜೋಡಿಯಾಗಿ ಬರುತ್ತದೆ, ಯಾಕೆಂದರೆ ಎಡಗಡೆಯ ಹಲ್ಲೂ ಬಲಗಡೆಯ ಹಲ್ಲೂ ಒಂದೇ ತಿಂಗಳುಗಳಲ್ಲಿ ತಯಾರಾದವು. ಹಲ್ಲಿಗೆ ಅಡ್ಡಲಾಗಿ, ಅಂಚು ಖಚಿತವಿಲ್ಲದ ಪಟ್ಟೆ ಅಥವಾ ಮೋಡದ ಹಾಗೆ ಹರಡಿರುತ್ತದೆ. ತುಟಿ ಎತ್ತಿದ ಕೂಡಲೇ ಹೊರಮುಖದಲ್ಲೇ ಎದ್ದು ಕಾಣುತ್ತದೆ. ಹೊಗೆಸೊಪ್ಪಿನ ಕರೆ ಒಸಡಿನ ಅಂಚಿನಲ್ಲಿ, ಹಲ್ಲುಗಳ ಸಂದಿಯಲ್ಲಿ, ಕೆಳಹಲ್ಲಿನ ಒಳಮುಖದಲ್ಲಿ ಹೆಚ್ಚು ಕೂರುತ್ತದೆ, ಹಲ್ಲು ಕ್ಲೀನ್ ಮಾಡಿಸಿದರೆ ಬಹುಮಟ್ಟಿಗೆ ಎದ್ದುಬರುತ್ತದೆ. ಫ್ಲೋರೈಡ್ ಕಲೆ ಎನಾಮೆಲ್ಲಿನ ಒಳಗೇ ಇರುವುದರಿಂದ ಕ್ಲೀನಿಂಗ್‌ಗೆ ಜಗ್ಗುವುದಿಲ್ಲ. ಒಂದೇ ಹಲ್ಲಿನಲ್ಲಿ ಕಲೆ ಇದ್ದರೆ ಚಿಕ್ಕಂದಿನಲ್ಲಿ ಬಿದ್ದು ಹಾಲುಹಲ್ಲಿಗೆ ಪೆಟ್ಟಾಗಿದ್ದಿರಬಹುದು, ಅಥವಾ ಹಾಲುಹಲ್ಲಿನ ಬೇರಿನಲ್ಲಿ ಕೀವಾಗಿದ್ದಿರಬಹುದು. ಎಲ್ಲ ಹಲ್ಲೂ ಬೂದು ನೀಲಿಯಾಗಿ ಪಟ್ಟೆ ಬಿದ್ದಿದ್ದರೆ ಎಂಟು ವರ್ಷದೊಳಗೆ ಕೊಟ್ಟ ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆಯ ಗುರುತಾಗಿರಬಹುದು. ಒದ್ದೆ ಹಲ್ಲಿನಲ್ಲಿ ತೆಳು ಕಲೆ ಮುಚ್ಚಿಹೋಗುತ್ತದೆ, ಹಾಗಾಗಿ ದಂತವೈದ್ಯರು ಹಲ್ಲನ್ನು ಒರೆಸಿ ಒಣಗಿಸಿಯೇ ನೋಡುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಮಾತು ಇಲ್ಲಿ ಅಕ್ಷರಶಃ ನಿಜ.

ಇಷ್ಟು ತಿಳಿದ ಕಣ್ಣಿಗೆ ಒಂದು ಮನೆಯ ಹಲ್ಲುಗಳು ಮನೆಯ ನೀರಿನ ಲೆಕ್ಕದ ಪುಸ್ತಕದ ಹಾಗೆ ಕಾಣತೊಡಗುತ್ತವೆ. ತೆರೆದ ಬಾವಿ, ಕಲ್ಯಾಣಿ, ಕೆರೆಯ ಕೆಳಗಿನ ಊಟೆ ನೀರು ಕುಡಿದು ಬೆಳೆದ ಅಜ್ಜನಿಗೆ ಉಳಿದಿರುವ ನಾಲ್ಕು ಹಲ್ಲು ಬೆಳ್ಳಗಿದ್ದು, ಬೋರು ಬಂದ ಮೇಲೆ ಹುಟ್ಟಿದ ಮಗನ ಹಲ್ಲು ಕಂದಾಗಿರಬಹುದು. ತೀರ್ಥಹಳ್ಳಿ ಕಡೆಯಿಂದ ಇಪ್ಪತ್ತೆರಡನೇ ವಯಸ್ಸಿಗೆ ಸೊಸೆಯಾಗಿ ಬಂದವರು ಮೂವತ್ತು ವರ್ಷ ಇದೇ ನೀರು ಕುಡಿದರೂ ಅವರ ಹಲ್ಲಿಗೆ ಪಟ್ಟೆ ಬೀಳುವುದಿಲ್ಲ, ಏಕೆಂದರೆ ಅವರ ಎನಾಮೆಲ್ ಎಂಟು ವರ್ಷದೊಳಗೇ ಮುಗಿದಿತ್ತು. ಮೂಳೆಯ ಕಥೆ ಬೇರೆ, ಅದಕ್ಕೆ ಮುಂದೆ ಬರುತ್ತೇನೆ. ಒಬ್ಬನ ಮುಂದಿನ ಹಲ್ಲು ಶುಭ್ರವಾಗಿದ್ದು, ಹಿಂದಿನ ದವಡೆಹಲ್ಲುಗಳಲ್ಲಿ ಮಾತ್ರ ಕಲೆ ಇದ್ದರೆ, ನಾಲ್ಕೈದು ವರ್ಷ ದಾಟಿದ ಮೇಲೆ ಮನೆಯ ನೀರು ಬದಲಾಗಿತ್ತು ಅಂತ ಊಹಿಸಬಹುದು. ಎರಡನೇ ದವಡೆಹಲ್ಲಿನ ಎನಾಮೆಲ್ ಪೂರ್ತಿಯಾಗುವುದು ಏಳೆಂಟು ವರ್ಷಕ್ಕೆ.

ನೀರು ಯಾಕೆ ಹೀಗಾಯಿತು ಅನ್ನುವುದೂ ಈ ನೆಲದ ವಿಷಯವೇ. ಕೋಲಾರಕ್ಕೆ ವರ್ಷಪೂರ್ತಿ ಹರಿಯುವ ಒಂದು ನದಿ ಇಲ್ಲ. ಕೆರೆಗಳ ಸೀಮೆ ಇದು. ಕೆರೆ ಬತ್ತಿದಂತೆ, ಬಾವಿ ಒಣಗಿದಂತೆ ಬೋರು ಇಳಿಯುತ್ತ ಹೋಗಿ ಈಗ ಸಾವಿರ ಅಡಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಕೆಳಗಿರುವುದು ಗ್ರಾನೈಟ್ ಮತ್ತು ನೈಸ್ ಬಂಡೆ. ಅದರೊಳಗಿನ ಫ್ಲೋರೈಟ್, ಅಪಟೈಟ್, ಬಯೊಟೈಟ್ ಖನಿಜಗಳಲ್ಲಿ ಫ್ಲೋರೈಡ್ ಇದೆ. ಬಂಡೆಯ ಬಿರುಕಿನಲ್ಲಿ ನೀರು ಎಷ್ಟು ವರ್ಷ ನಿಂತಿರುತ್ತದೋ ಅಷ್ಟು ಅದನ್ನು ಕರಗಿಸಿಕೊಳ್ಳುತ್ತದೆ. ನೀರು ಕ್ಷಾರವಾಗಿದ್ದು ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕ, 2012ರ ಐಎಸ್ 10500, ಲೀಟರಿಗೆ 1 ಮಿಲಿಗ್ರಾಂ ಸಾಕು ಅನ್ನುತ್ತದೆ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪುತ್ತದೆ. ಆ ನೀರು ನೋಡಲು ತಿಳಿ, ವಾಸನೆ ಇಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಮೊದಲ ನೋಟದಲ್ಲಿ ಶುದ್ಧ.

ಈ ಕಲೆಯನ್ನು ಜಗತ್ತು ಅರ್ಥ ಮಾಡಿಕೊಂಡ ಬಗೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಹೊಸದಾಗಿ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿ ಹುಟ್ಟಿ ಬೆಳೆದವರ ಹಲ್ಲಿನ ಕಂದು ಕಲೆ ನೋಡಿ ಬೆರಗಾದರು. ಊರಿನವರ ಬಳಿ ವಿವರಣೆ ಸಿದ್ಧವಿತ್ತು. ಹಂದಿ ಮಾಂಸ ಜಾಸ್ತಿ ತಿಂದದ್ದಕ್ಕೆ, ಕೆಟ್ಟ ಹಾಲು ಕುಡಿದದ್ದಕ್ಕೆ, ಹೀಗೆ. ಮೆಕೇ ಬಿಡದೆ ಗಮನಿಸುತ್ತ ಹೋದರು. ದೊಡ್ಡವರಾದ ಮೇಲೆ ಬಂದು ನೆಲೆಸಿದವರಿಗೆ ಕಲೆ ಇರಲಿಲ್ಲ. ಕಲೆ ಇದ್ದ ಹಲ್ಲುಗಳಿಗೆ ಹುಳುಕು ಕಡಿಮೆ ಇತ್ತು. 1923ರಲ್ಲಿ ಐಡಹೊ ರಾಜ್ಯದ ಓಕ್ಲಿ ಎಂಬ ಊರಿನಿಂದ ಅವರಿಗೆ ಕರೆ ಬಂತು. ಅಲ್ಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಪೈಪ್ ಹಾಕಿಸಿಕೊಂಡ ಕೆಲವು ವರ್ಷಕ್ಕೆ ಮಕ್ಕಳ ಹಲ್ಲು ಕಂದಾಗುತ್ತಿರುವುದನ್ನು ಅಮ್ಮಂದಿರು ಗುರುತಿಸಿದ್ದರು. ಆ ಪೈಪ್ ಬಿಟ್ಟು ಬೇರೆ ಬುಗ್ಗೆಯ ನೀರು ತನ್ನಿ ಅಂತ ಮೆಕೇ ಹೇಳಿದರು. ಮುಂದೆ ಬಂದ ಮಕ್ಕಳ ಹಲ್ಲು ಸರಿಯಾಗಿತ್ತು. ನೀರಿನಲ್ಲಿರುವುದು ಫ್ಲೋರೈಡ್ ಅಂತ ರಸಾಯನ ತಜ್ಞ ಎಚ್. ವಿ. ಚರ್ಚಿಲ್ ಕಂಡುಹಿಡಿದದ್ದು 1931ರಲ್ಲಿ. ನಮ್ಮ ಪಕ್ಕದಲ್ಲೇ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ, ಇದು ಮನುಷ್ಯರ ಮೂಳೆಗೂ ಇಳಿಯುತ್ತದೆ ಅನ್ನುವ ವರದಿ ಬಂದದ್ದು 1937ರಲ್ಲಿ.

ಓಕ್ಲಿಯ ಅಮ್ಮಂದಿರು ಕಂಡದ್ದೂ ಕಂದು ಹಲ್ಲೇ. ಕಂಡ ಕೂಡಲೇ ಅವರು ಮಕ್ಕಳನ್ನು ಗದರಿಸಿ ಸುಮ್ಮನಾಗಲಿಲ್ಲ, ನಲ್ಲಿಯ ಕಡೆ ತಿರುಗಿದರು.

ಈಗ ಮೂಳೆಯ ವಿಷಯ. ಇಲ್ಲಿ ನಮ್ಮ ಭಾಷೆಯೇ ತೀರ್ಪು ಬರೆದಿಟ್ಟಿದೆ. ದುಡಿಯುವವನು "ಮೈ ಬಗ್ಗಿಸಿ" ದುಡಿಯುತ್ತಾನೆ, ಸೋಮಾರಿ "ಬೆನ್ನು ಬಗ್ಗಿಸದವನು", ವಿನಯವಂತ "ತಲೆ ಬಾಗುತ್ತಾನೆ", ಅಹಂಕಾರಿ "ಸೆಟೆದು ನಿಲ್ಲುತ್ತಾನೆ". ಹತ್ತಾರು ವರ್ಷ ಹೆಚ್ಚು ಫ್ಲೋರೈಡಿನ ನೀರು ಕುಡಿದ ದೇಹದಲ್ಲಿ ಬೆನ್ನುಮೂಳೆಯ ಸುತ್ತಲಿನ ನಾರುಗಳು ಗಡುಸಾಗಿ ಕತ್ತು, ಸೊಂಟ ಬಗ್ಗುವುದೇ ಕಡಿಮೆಯಾಗುತ್ತದೆ. ಹಿಂದಿನಿಂದ ಕರೆದರೆ ಅಂಥವರು ಕತ್ತು ತಿರುಗಿಸುವುದಿಲ್ಲ, ಇಡೀ ಮೈ ತಿರುಗಿಸುತ್ತಾರೆ. ದೇವಸ್ಥಾನದಲ್ಲಿ ನಿಂತೇ ಕೈ ಮುಗಿಯುತ್ತಾರೆ. ಹಿರಿಯರ ಕಾಲಿಗೆ ಬೀಳಲು ತಡಮಾಡುತ್ತಾರೆ. ಉದ್ಯೋಗ ಖಾತ್ರಿ ಕೆಲಸದಲ್ಲಿ ಗುದ್ದಲಿ ಹಿಡಿದು ಎರಡು ಏಟಿಗೆ ಒಮ್ಮೆ ನಿಲ್ಲುತ್ತಾರೆ. ಟೊಮ್ಯಾಟೊ ಬಿಡಿಸುವಾಗ ಸೊಂಟ ಬಗ್ಗಿಸುವ ಬದಲು ಕುಕ್ಕರಗಾಲಲ್ಲಿ ಸಾಲು ಹಿಡಿಯುತ್ತಾರೆ, ಹದಿನೈದು ಕೆಜಿಯ ಕ್ರೇಟ್ ಎತ್ತಬೇಕಾದರೆ ಇನ್ನೊಬ್ಬರನ್ನು ಕೂಗುತ್ತಾರೆ. ಗೊತ್ತಿಲ್ಲದವರಿಗೆ ಇದೆಲ್ಲ ಕೊಬ್ಬು, ಮೈಗಳ್ಳತನ, ಗೌರವವಿಲ್ಲದ ನಡತೆಯಂತೆ ಕಾಣುತ್ತದೆ.

ಊರೂರು ಸುತ್ತುವ ಆರೋಗ್ಯ ಸಿಬ್ಬಂದಿ ಇದನ್ನು ಪತ್ತೆ ಮಾಡಲು ಮೂರು ಸರಳ ಪರೀಕ್ಷೆ ಮಾಡಿಸುತ್ತಾರೆ. ಮಂಡಿ ಬಗ್ಗಿಸದೆ ನೆಲದ ಮೇಲಿನ ನಾಣ್ಯ ಎತ್ತುವುದು. ಗದ್ದವನ್ನು ಎದೆಗೆ ತಾಗಿಸುವುದು. ಎರಡೂ ಕೈ ಚಾಚಿ ಮಡಚಿ ತಲೆಯ ಹಿಂಬದಿ ಮುಟ್ಟುವುದು. ಯಾವುದಾದರೂ ಆಗದಿದ್ದರೆ ಅಷ್ಟಕ್ಕೇ ಫ್ಲೋರೋಸಿಸ್ ಅಂತ ಹೇಳುವ ಹಾಗಿಲ್ಲ. ಸಂಧಿವಾತ, ಬೆನ್ನುಮೂಳೆಯ ಬೇರೆ ಕಾಯಿಲೆ, ಹಳೇ ಪೆಟ್ಟು ಎಲ್ಲವೂ ಹೀಗೇ ಕಾಣಬಹುದು. ಮೂತ್ರದಲ್ಲಿ ಫ್ಲೋರೈಡ್ ಪರೀಕ್ಷೆ, ಮುಂಗೈಯ ಎಕ್ಸ್-ರೇ ಆಗಬೇಕು. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿರುವುದು ಎಕ್ಸ್-ರೇಯಲ್ಲಿ ಕಂಡರೆ ಅದು ಗಟ್ಟಿ ಸುಳಿವು.

ಚರ್ಮದ ಬಗ್ಗೆ ಎರಡೇ ಮಾತು, ಯಾಕೆಂದರೆ ಇಲ್ಲೂ ಜನ ಒಂದನ್ನು ನೋಡಿ ಇನ್ನೊಂದು ಅಂದುಕೊಳ್ಳುತ್ತಾರೆ. ತೊನ್ನು ಅಂತ ನಾವು ಕಠೋರವಾಗಿ ಕರೆಯುವ ವಿಟಿಲಿಗೊ ಬಣ್ಣದ ಕೋಶಗಳು ಇಲ್ಲವಾಗುವುದರಿಂದ ಬರುತ್ತದೆ. ಕಲೆ ಹಾಲಿನಷ್ಟು ಬಿಳಿ, ಮುಟ್ಟಿದರೆ ಸ್ಪರ್ಶ ಪೂರ್ತಿ ಇರುತ್ತದೆ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಕುಷ್ಠದ ಮಚ್ಚೆ ಸಾಮಾನ್ಯವಾಗಿ ಅಷ್ಟು ಬಿಳಿ ಇರುವುದಿಲ್ಲ, ಅಲ್ಲಿ ಸ್ಪರ್ಶ ಮಂದವಾಗಿರುತ್ತದೆ. ಅದಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಮಾತ್ರೆ ಇದೆ, ವಿಧವನ್ನು ನೋಡಿ 6 ಅಥವಾ 12 ತಿಂಗಳು. ಚಿಕಿತ್ಸೆ ಶುರುವಾದ ಮೇಲೆ ಹರಡುವ ಭಯ ಬೇಗ ಇಲ್ಲವಾಗುತ್ತದೆ. 2019ರವರೆಗೆ ಕುಷ್ಠ ವಿಚ್ಛೇದನಕ್ಕೆ ಕಾನೂನಿನಲ್ಲೇ ಒಂದು ಕಾರಣವಾಗಿ ಉಳಿದಿತ್ತು ಅನ್ನುವುದನ್ನು ನೆನೆದರೆ ಮೊದಲ ನೋಟದ ಭಯ ಎಷ್ಟು ಆಳಕ್ಕೆ ಇಳಿಯುತ್ತದೆ ಗೊತ್ತಾಗುತ್ತದೆ.

ನೋಡಿಸಿಕೊಳ್ಳುವವರ ಕಡೆಯಿಂದಲೂ ಒಂದು ಮಾತು ಇದೆ. 1980ರಲ್ಲಿ ರಾಬರ್ಟ್ ಕ್ಲೆಕ್ ಮತ್ತು ಏಂಜೆಲೊ ಸ್ಟ್ರೆಂಟಾ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ಮೇಕಪ್ಪಿನಿಂದ ಕೆಲವರ ಮುಖಕ್ಕೆ ಗಾಯದ ಗುರುತು ಬರೆದು, ಕನ್ನಡಿ ತೋರಿಸಿ, ಆಮೇಲೆ ಅದು ಬಿರುಕು ಬಿಡದಿರಲಿ ಅಂತ ಕ್ರೀಮ್ ಹಚ್ಚುವ ನೆಪದಲ್ಲಿ ಅವರಿಗೆ ಗೊತ್ತಾಗದಂತೆ ಆ ಗುರುತನ್ನೇ ಒರೆಸಿಬಿಟ್ಟರು. ಗುರುತೇ ಇಲ್ಲದ ಮುಖ ಹೊತ್ತು ಅಪರಿಚಿತರ ಜೊತೆ ಮಾತಾಡಿ ಬಂದವರು, ಎದುರಿನವರು ದಿಟ್ಟಿಸಿ ನೋಡಿದರು, ಬಿಗುವಾಗಿ ನಡೆದುಕೊಂಡರು ಅಂತ ಹೇಳಿದರು. ನೋಡುತ್ತಾರೆ ಅನ್ನುವ ನಿರೀಕ್ಷೆಯೇ ಅಷ್ಟು ಕೆಲಸ ಮಾಡುತ್ತದೆ. ಹಾಗಂತ ನಮ್ಮ ಕಡೆಯ ಮಕ್ಕಳು ಸುಮ್ಮನೆ ಕಲ್ಪಿಸಿಕೊಳ್ಳುತ್ತಾರೆ ಅಂತ ಅರ್ಥವಲ್ಲ. ಇಲ್ಲಿ ಬಾಯಿ ಬಿಟ್ಟೇ ಹೇಳುತ್ತಾರೆ, ಕ್ಲಾಸಿನಲ್ಲಿ, ಬಸ್ಸಿನಲ್ಲಿ, ಹೆಣ್ಣು ನೋಡುವ ದಿನ. ಹಾಗೆ ಹತ್ತು ಸಲ ಕೇಳಿಸಿಕೊಂಡ ಮೇಲೆ ಹನ್ನೊಂದನೇ ಸಲ ಯಾರೂ ಏನೂ ಅನ್ನದಿದ್ದರೂ ಕೈ ಬಾಯಿಗೆ ಬರುತ್ತದೆ.

ಹೆಣ್ಣು ನೋಡುವ ಶಾಸ್ತ್ರದಲ್ಲಿ ಕಾಫಿ ತಟ್ಟೆ ಹಿಡಿದು ಬಂದ ಹುಡುಗಿ ನಗದಿದ್ದರೆ ಬಿಂಕ, ನಕ್ಕರೆ ಹಲ್ಲು. ಆಮೇಲೆ ಒಳಗೆ ಪಿಸುಗುಟ್ಟುತ್ತಾರೆ: "ಹಲ್ಲು ಯಾಕಂಗಿದೆ, ಮಕ್ಳಿಗೂ ಬರುತ್ತಾ?" ಉತ್ತರ ನೇರವಾಗಿದೆ. ಇದು ವಂಶದಲ್ಲಿ ಬರುವುದಲ್ಲ, ಅಂಟುವುದಲ್ಲ. ಹುಟ್ಟುವ ಮಗುವಿನ ಶಾಶ್ವತ ಹಲ್ಲು ಹುಟ್ಟಿದ ಮೇಲೆಯೇ ಗಟ್ಟಿಯಾಗುವುದರಿಂದ ತಾಯಿಯ ಹಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಎದೆಹಾಲಿನಲ್ಲಿ ಫ್ಲೋರೈಡ್ ಬಹಳ ಕಡಿಮೆ. ಡಬ್ಬಿ ಹಾಲಿನ ಪುಡಿಯನ್ನು ಬೋರ್ ನೀರಿನಲ್ಲಿ ಕಲಸಿ ಕೊಟ್ಟರೆ ಅಪಾಯ. ಹಾಗಾಗಿ ಮೊಮ್ಮಗುವಿನ ಹಲ್ಲು ಕೇಳುವವರು ಮೊದಲು ಗಂಡಿನ ಮನೆಯ ನೀರು ಪರೀಕ್ಷೆ ಮಾಡಿಸಬೇಕು.

ಕೆಲಸಕ್ಕೆ ಸೇರಿಸಿಕೊಳ್ಳುವವರಿಗೆ ನಾನು ಹೇಳುವುದು ಒಂದು ಕ್ರಮ. ಸಾಧ್ಯವಾದರೆ ಮೊದಲ ಸುತ್ತು ಫೋನಿನಲ್ಲಿ ಆಗಲಿ. ಎದುರು ಕೂರಿಸಿದ ಮೇಲೆ ಎಲ್ಲರಿಗೂ ಅದೇ ಪ್ರಶ್ನೆ, ಅದೇ ಸಾಲಿನಲ್ಲಿ. ಪ್ರತಿ ಉತ್ತರಕ್ಕೂ ಅಲ್ಲೇ ಅಂಕ ಬರೆಯಬೇಕು, ಕೊನೆಗೆ ಒಟ್ಟಾಗಿ ಬರೆದರೆ ಮೊದಲ ನೋಟವೇ ಎಲ್ಲ ಅಂಕವನ್ನೂ ಎಳೆಯುತ್ತದೆ. "ಅಚ್ಚುಕಟ್ಟು", "ಪರ್ಸನಾಲಿಟಿ" ಅನ್ನುವ ಖಾನೆ ಹಾಳೆಯಲ್ಲಿ ಇದ್ದರೆ ಅದನ್ನು ಹೊಡೆದುಹಾಕಿ. ಕೆಲಸಕ್ಕೆ ಏನು ಬೇಕೋ ಅದನ್ನು ಮಾಡಿಸಿ ನೋಡಿ, ಬಿಲ್ ಬರೆಸಿ, ಸ್ಕ್ರೂ ಬಿಗಿಸಿ. ಆವನಿ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಬಾಯಿ ಬಿಡಿಸಿ ಎರಡು ಹಲ್ಲೋ ನಾಲ್ಕು ಹಲ್ಲೋ ನೋಡಿದ ಮೇಲೂ ಹತ್ತು ಹೆಜ್ಜೆ ನಡೆಸಿ, ಸುಳಿ ನೋಡಿ, ಬೆನ್ನು ತಡವಿಯೇ ಮಾತಿಗೆ ಇಳಿಯುತ್ತಾರೆ.

ಹಲ್ಲಿನ ಬಣ್ಣ ಸರಿಮಾಡಿಸಿಕೊಳ್ಳಲು ಬಯಸುವವರಿಗೂ ತಪ್ಪು ದಾರಿಗಳು ಬಹಳ. ಇಟ್ಟಿಗೆ ಪುಡಿ, ಇದ್ದಿಲು, ಉಪ್ಪು, ನಿಂಬೆಹಣ್ಣು, ಸಂತೆಯಲ್ಲಿ ಸಿಗುವ ಬಿಳುಪಿನ ಪುಡಿ, ಇವೆಲ್ಲ ಈಗಾಗಲೇ ದುರ್ಬಲವಾಗಿರುವ ಎನಾಮೆಲ್ಲನ್ನು ಸವೆಸುತ್ತವೆ, ಕಲೆ ಒಳಗೇ ಇರುತ್ತದೆ, ಹಲ್ಲು ಜುಮ್ಮೆನ್ನಲು ಶುರುವಾಗುತ್ತದೆ. ದಂತವೈದ್ಯರಲ್ಲಿ ತೆಳು ಕಲೆಗೆ ಆಮ್ಲ ಮತ್ತು ನುಣ್ಣನೆಯ ಪುಡಿಯಿಂದ ಮೇಲ್ಪದರವನ್ನು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ಉಜ್ಜಿ ತೆಗೆಯುವ ವಿಧಾನ ಇದೆ, ಬ್ಲೀಚಿಂಗ್ ಇದೆ. ಬ್ಲೀಚಿಂಗ್ ಮಾಡಿಸಿದ ಮೊದಲ ದಿನಗಳಲ್ಲಿ ಬಿಳಿ ಮಚ್ಚೆಗಳು ಇನ್ನೂ ಎದ್ದು ಕಾಣುವುದುಂಟು, ಅದನ್ನು ವೈದ್ಯರು ಮೊದಲೇ ಹೇಳದಿದ್ದರೆ ಜನ ಗಾಬರಿಯಾಗುತ್ತಾರೆ. ಗಾಢ ಕಲೆಗೆ, ಗುಳಿಗೆ ಹಲ್ಲಿನ ಬಣ್ಣದ ಕಾಂಪೋಸಿಟ್ ಪದರ ಅಥವಾ ವೆನೀರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ಪಿಂಗಾಣಿಯ ತೆಳು ಹೊದಿಕೆ, ಬೇಕಾಗುತ್ತದೆ. ಪದರ ಹಿಡಿದುಕೊಳ್ಳಲಿ ಅಂತ ಅಂಟಿಸುವ ಮೊದಲು ಹಲ್ಲಿಗೆ ಆಮ್ಲ ಹಚ್ಚುತ್ತಾರೆ, ಆದರೆ ಫ್ಲೋರೈಡ್ ಹಲ್ಲಿನ ಎನಾಮೆಲ್ ಆಮ್ಲಕ್ಕೆ ಬೇಗ ಜಗ್ಗುವುದಿಲ್ಲ. ಸಾಮಾನ್ಯ ಹಲ್ಲಿಗೆ ಕೊಡುವಷ್ಟೇ ಹೊತ್ತು ಆಮ್ಲ ಹಚ್ಚಿದರೆ ಅಂಟು ಹಿಡಿಯದೆ ಪದರ ಕಿತ್ತುಬರುತ್ತದೆ. ಪದರ ಎರಡನೇ ತಿಂಗಳಿಗೆ ಕಿತ್ತುಬಂದರೆ ಹೆಚ್ಚಾಗಿ ಕಾರಣ ಇದೇ, ನೀವು ಮುದ್ದೆ ತಿಂದದ್ದಲ್ಲ. ಎಳೆಯ ಮಕ್ಕಳಿಗೆ ಹಲ್ಲು ತೇಯ್ದು ವೆನೀರ್ ಕೂರಿಸಲು ಅವಸರ ಮಾಡಬಾರದು, ಒಸಡು ಇನ್ನೂ ಹಿಂದೆ ಸರಿಯುತ್ತಿರುತ್ತದೆ.

ನೀರಿನ ಬಗ್ಗೆ ಮನೆಗಳಲ್ಲಿ ಕಾಣುವ ತಪ್ಪುಗಳಲ್ಲಿ ಮೊದಲನೆಯದು ಕಾಯಿಸುವುದು. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಅಲ್ಲೇ ಉಳಿಯುತ್ತದೆ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ, ಎರಡು ಲೀಟರ್ ಒಂದಕ್ಕೆ ಇಳಿದರೆ ಎರಡರಷ್ಟು. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ ಅದು ಹೋಗುವುದಿಲ್ಲ. ಟಿಡಿಎಸ್ ಮೀಟರ್ ಒಟ್ಟು ಲವಣ ತೋರಿಸುತ್ತದೆ, ಫ್ಲೋರೈಡ್ ಎಷ್ಟು ಅಂತ ಹೇಳುವುದಿಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ಇಪ್ಪತ್ತು ಲೀಟರ್ ಕ್ಯಾನ್ ತಂದು ಕುಡಿಯಲು ಮಾತ್ರ ಇಟ್ಟುಕೊಂಡು, ಅನ್ನ, ಸಾರು, ಮುದ್ದೆಯ ಎಸರು, ಟೀ ಎಲ್ಲಕ್ಕೂ ಬೋರ್ ನೀರು ಬಳಸುವ ಮನೆಗಳು ಬಹಳ. ಲೀಟರಿಗೆ 3 ಮಿಲಿಗ್ರಾಂ ಇರುವ ನೀರಿನಲ್ಲಿ ದಿನಕ್ಕೆ ಒಂದೂವರೆ ಲೀಟರ್ ಅಡುಗೆಯ ಮೂಲಕ ಹೊಟ್ಟೆಗೆ ಹೋದರೂ 4.5 ಮಿಲಿಗ್ರಾಂ ಹೋದಂತಾಯಿತು. ಮಗು ಇರುವ ಮನೆಯಲ್ಲಿ ಅಡುಗೆಗೂ ಕ್ಯಾನ್ ನೀರೇ ಆಗಬೇಕು. ಚಿಕ್ಕವರ ಬ್ರಷ್ಷಿಗೆ ಪೇಸ್ಟ್ ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು, ನುಂಗದಂತೆ ಪಕ್ಕದಲ್ಲಿ ನಿಂತು ಉಗುಳಿಸಬೇಕು. ಪರೀಕ್ಷೆಗೆ ನೀರು ಒಯ್ಯುವಾಗ ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಮೋಟಾರ್ ಕೆಲವು ನಿಮಿಷ ಓಡಿದ ಮೇಲೆ ತುಂಬಿಸಿ, ಬೋರಿನ ಜಾಗ ಮತ್ತು ತಾರೀಖು ಬರೆದು ಕೊಡಬೇಕು. ರಾಗಿ, ಹಾಲು, ನೆಲ್ಲಿಕಾಯಿ ಊಟದಲ್ಲಿದ್ದರೆ ಒಳ್ಳೆಯದು, ಕ್ಯಾಲ್ಸಿಯಂ ಮತ್ತು ವಿಟಮಿನ್ ಸಿ ಕಡಿಮೆ ಇರುವ ಮೈಗೆ ಫ್ಲೋರೈಡಿನ ಏಟು ಹೆಚ್ಚು.

ನಮ್ಮ ಕಡೆ ಹೊಸಬರು ಸಿಕ್ಕರೆ ಮೊದಲು ಕೇಳುವುದೇ "ಯಾವೂರಾಯ್ತು?" ಅಂತ. ಅದರ ಹಿಂದೆಯೇ "ಯಾರ ಪೈಕಿ?" ಬರುವುದುಂಟು, ಆ ಎರಡನೆಯದು ಯಾಕೆ ಅಂತ ಎಲ್ಲರಿಗೂ ಗೊತ್ತು, ಅದನ್ನು ಬಿಟ್ಟುಬಿಡಬಹುದು. ಮೊದಲನೆಯದು ಒಳ್ಳೆಯ ಪ್ರಶ್ನೆ. ಆದರೆ ಹಲ್ಲು ನೋಡುತ್ತ ಕೇಳಬಾರದು, ಕಣ್ಣು ನೋಡಿ ಕೇಳಬೇಕು. ಕಲೆಯ ಮಾತು ಅವರೇ ತೆಗೆಯುವವರೆಗೆ ತೆಗೆಯುವ ಹಕ್ಕು ನಮಗಿಲ್ಲ. ತೆಗೆದರೆ "ನಿಮ್ಮ ಕಡೆ ನೀರು ಹೇಗಣ್ಣಾ?" ಅಂತ ನೀರಿನಿಂದ ಶುರುಮಾಡುವುದು ಸಲೀಸು.

ಶಾಲೆಯ ಮೇಷ್ಟರು, ಟೀಚರುಗಳಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಕಾಣುತ್ತದೆ. ಎರಡನೇ, ಮೂರನೇ ಕ್ಲಾಸಿನಲ್ಲಿ ಮುಂದಿನ ಶಾಶ್ವತ ಹಲ್ಲು ಆಗತಾನೇ ಬಂದಿರುತ್ತವೆ, ಟೀ ಸಾರಿನ ಬಣ್ಣ ಇನ್ನೂ ಇಳಿದಿರುವುದಿಲ್ಲ, ಸೀಮೆಸುಣ್ಣದ ಹಾಗೆ ಮಂಕಾಗಿದ್ದರೆ ಹಗಲು ಬೆಳಕಿನಲ್ಲಿ ತಿಳಿಯುತ್ತದೆ. ಊರಿನಲ್ಲಿ ಶುದ್ಧ ನೀರಿನ ಘಟಕ ಕೂರಿಸಿದ ವರ್ಷ ಹುಟ್ಟಿದ ಮಕ್ಕಳು ಈ ಕ್ಲಾಸಿಗೆ ಬರಲು ಏಳೆಂಟು ವರ್ಷ ಬೇಕು. ಘಟಕ ಕೆಲಸ ಮಾಡಿತೋ, ಒಳಗಿನ ಸೋಸುವ ಪೊರೆ, ಅಂದರೆ ಮೆಂಬ್ರೇನ್, ಬದಲಿಸದೆ ಬಿಟ್ಟಿದ್ದರೋ, ಅಡುಗೆಗೆ ಬೋರ್ ನೀರೇ ಮುಂದುವರಿಯಿತೋ ಅನ್ನುವುದು ಆ ಮಕ್ಕಳು ಬಾಯಿ ತೆರೆದು ಮಗ್ಗಿ ಹೇಳುವಾಗ ಕಾಣುತ್ತದೆ. ಆರೋಗ್ಯ ತಪಾಸಣೆಯ ಕಾರ್ಡಿನಲ್ಲಿ "ಹಲ್ಲು ಸ್ವಚ್ಛವಿಲ್ಲ" ಅಂತ ಬರೆಯುವ ಜಾಗದಲ್ಲಿ ಮಗು ಹುಟ್ಟಿದ ವರ್ಷ, ಮನೆಯ ನೀರು ಯಾವ ಬೋರಿನದು, ಕಲೆ ಯಾವ ಹಲ್ಲಿನಲ್ಲಿ ಅಂತ ಮೂರು ಸಂಗತಿ ಬರೆದು, ಇಪ್ಪತ್ತು ಕಾರ್ಡ್ ಸೇರಿದ ಮೇಲೆ ಅವನ್ನು ಗ್ರಾಮ ಪಂಚಾಯಿತಿಯ ಪಿಡಿಒ ಅವರ ಮೇಜಿನ ಮೇಲೆ ಇಡಬಹುದು.